ಗಾಳಿಗೊಂದು ಕಣ್ಣು

ನಮ್ಮ ದೊಡ್ಡಪ್ಪನ ಜೊತೆ ಬೀದಿಗೆ ಇಳಿಯಬೇಕಾದರೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಹತ್ತು ಕಡೆ ನಿಲ್ಲುತ್ತಾನೆ, ಒಂದು ಕಡೆಯೂ ಮನುಷ್ಯರಿಗಾಗಿ ಅಲ್ಲ. ಅವನು ನಿಲ್ಲುವುದು ಕಿಟಕಿಗಳಿಗಾಗಿ. ಇದು ಮೋಡ ಹಾಕಿದರೆ ಉಬ್ಬಿಕೊಳ್ಳುತ್ತದೆ, ಅದರ ಚಿಲಕ ಸಡಿಲ, ಆ ಮೂಲೆ ಮನೆಯದು ನನ್ನ ಕೈಯದೇ ಆದರೂ ಬಣ್ಣ ಬಳಿದವನು ಹಾಳು ಮಾಡಿದ ಎಂದು ಒಂದೊಂದರ ಜಾತಕವನ್ನೂ ಬಿಚ್ಚುತ್ತಾನೆ. ಮನೆಯ ಯಜಮಾನ ಹೊರಗೆ ಬಂದು ಕೈ ಮುಗಿದರೆ ಯಾರಿವರು ಎಂಬಂತೆ ನೋಡುತ್ತಾನೆ. ಮುಖ ನೆನಪಿಲ್ಲ, ಕಿಟಕಿ ಮಾತ್ರ ನೆನಪಿದೆ.

ಅವನು ಬಡಗಿ. ಆದರೆ ಕಿಟಕಿ ಬಿಟ್ಟು ಬೇರೇನನ್ನೂ ಮಾಡಿದವನಲ್ಲ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ: ನೆಲದ ಮೇಲೆ ಹೊಟ್ಟು, ಗೋಡೆಗೆ ಒರಗಿಸಿದ ಚೌಕಟ್ಟುಗಳು, ಅಂಟಿನ ಡಬ್ಬಿ, ಸದಾ ಗುರುಗುಟ್ಟುವ ವಿದ್ಯುತ್ ಉಜ್ಜುಗೊರಡು. ಅದು ತಿರುಗಲು ಶುರುವಾದರೆ ಬ್ರಹ್ಮ ಬಂದು ಕೂಗಿದರೂ ದೊಡ್ಡಪ್ಪನ ಕಿವಿಗೆ ಬೀಳುವುದಿಲ್ಲ. ಅದು ನಿಂತಾಗಲೂ ಹೆಚ್ಚೇನೂ ಬೀಳುವುದಿಲ್ಲ ಎಂದು ದೊಡ್ಡಮ್ಮ ಹೇಳುತ್ತಾಳೆ.

ಅವನ ಕೆಲಸದ ರೀತಿಯೇ ಬೇರೆ. ಉಳಿದವರು ಬಂದು ಗೋಡೆ ಅಳೆಯುತ್ತಾರೆ. ದೊಡ್ಡಪ್ಪ ಗೋಡೆಯ ಕಡೆ ತಿರುಗಿಯೂ ನೋಡದೆ, ಇಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತಾನೆ. ಆ ಮನುಷ್ಯನನ್ನು ಅವನದೇ ಕುರ್ಚಿಯಲ್ಲಿ ಕೂರಿಸಿ, ಕಣ್ಣಿನ ಮಟ್ಟಕ್ಕೆ ಒಂದು ಪಟ್ಟಿ ಹಿಡಿದು, ಪೆನ್ಸಿಲಿನಿಂದ ಗೋಡೆಯ ಮೇಲೆ ಗೆರೆ ಎಳೆಯುತ್ತಾನೆ. ಗೆರೆಯ ಕೆಳಗೆ ಇಷ್ಟು, ಮೇಲೆ ಇಷ್ಟು, ಅಲ್ಲಿಗೆ ಕಿಟಕಿ. ಮಕ್ಕಳ ಶಾಲೆಗೆ ಹೋದಾಗ ಮಕ್ಕಳನ್ನು ಸಾಲಾಗಿ ಕೂರಿಸಿದ. ಆಸ್ಪತ್ರೆಗೆ ಹೋದಾಗ ತಾನೇ ಮಂಚದ ಮೇಲೆ ಮಲಗಿದ, ನರ್ಸ್ ಬಂದು ಥರ್ಮಾಮೀಟರ್ ಇಡುವ ತನಕ ಏಳಲಿಲ್ಲ.

ಒಮ್ಮೆ ಮಾತ್ರ ಈ ಲೆಕ್ಕ ತಪ್ಪಿತು. ಬ್ಯಾಂಕಿನ ಮ್ಯಾನೇಜರ್ ಒಬ್ಬರು ಅಳತೆ ಕೊಡುವಾಗ ಬೆನ್ನು ನೆಟ್ಟಗೆ ಮಾಡಿ, ಕತ್ತು ಎತ್ತಿ, ಫೋಟೊಕ್ಕೆ ಕೂತಂತೆ ಕೂತರು. ದೊಡ್ಡಪ್ಪ ಕಣ್ಣು ಎಲ್ಲಿತ್ತೋ ಅಲ್ಲಿಗೇ ಗೆರೆ ಎಳೆದ. ಆಮೇಲೆ ಆ ಮಹಾಶಯರು ಬೀದಿ ನೋಡಬೇಕಾದಾಗಲೆಲ್ಲ ಕತ್ತು ಎತ್ತಬೇಕಾಯಿತು. ವರ್ಗವಾಗಿ ಹೋಗುವ ತನಕ ಹಾಗೇ ಕೂತರು, ನೋಡಿದವರು ತುಂಬಾ ಸ್ವಾಭಿಮಾನದ ಮನುಷ್ಯ ಎಂದುಕೊಂಡರು.

ಇತ್ತೀಚೆಗೆ ಬರುವ ಗಿರಾಕಿಗಳ ಬಾಯಲ್ಲಿ ಕಿಟಕಿ ಎಂಬ ಮಾತೇ ಇಲ್ಲ, ಎಲ್ಲರಿಗೂ ವಿಂಡೋ ಬೇಕು. ಮರದ್ದಾದರೆ ಕಿಟಕಿ, ಅಲ್ಯೂಮಿನಿಯಮ್ಮಿನದಾದರೆ ವಿಂಡೋ. ಅಡುಗೆಮನೆಯದು ಕಿಟಕಿ, ಡ್ರಾಯಿಂಗ್ ರೂಮಿನದು ವಿಂಡೋ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಗಾಳಿ ಸಿಗುತ್ತದೆ, ವಿಂಡೋ ಸೀಟಿನಲ್ಲಿ ಕೂತವನಿಗೆ ಗೌರವ ಸಿಗುತ್ತದೆ. ಟಿಕೆಟ್ ಕೊಡುವ ತೂತು ಕೂಡ ವಿಂಡೋ, ಕಂಪ್ಯೂಟರಿನಲ್ಲಿ ತೆರೆದುಕೊಳ್ಳುವುದೂ ವಿಂಡೋ. ಏನನ್ನೂ ಕೊಳ್ಳದೆ ಅಂಗಡಿ ಸುತ್ತುವುದಕ್ಕೆ ವಿಂಡೋ ಶಾಪಿಂಗ್ ಎನ್ನುತ್ತಾರೆ ಎಂದು ನಾನು ಹೇಳಿದಾಗ ದೊಡ್ಡಪ್ಪನಿಗೆ ನಿಜಕ್ಕೂ ನೋವಾಯಿತು. ವಿಂಡೋ ಕೊಳ್ಳುವುದಕ್ಕೆ ಬಂದವರನ್ನು ತಾನು ಬೇಕಾದಷ್ಟು ಕಂಡಿದ್ದೇನೆ, ಒಬ್ಬರೂ ಬರಿಗೈಯಲ್ಲಿ ಹೋಗಿಲ್ಲ ಎಂದ.

ಇಷ್ಟೆಲ್ಲ ಕಿಟಕಿಗಳ ಈ ಧಣಿಯ ಮನೆಯಲ್ಲಿ, ನಡುಮನೆಗೆ ಮಾತ್ರ ಒಂದು ಕಿಟಕಿಯೂ ಇರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುವುದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅಲ್ಲಿ ಕಂಡಿದ್ದೆ. ಆ ಕತ್ತಲಲ್ಲಿ ಕೂತಿದ್ದವಳು ನಮ್ಮ ದೊಡ್ಡಮ್ಮ.

ಕಾರಣ ನಮ್ಮ ತಾತ. ಒಂದೇ ದೊಡ್ಡ ಮನೆಯನ್ನು ಇಬ್ಬರು ಮಕ್ಕಳಿಗೆ ಹಂಚುವಾಗ, ಬೀದಿಯ ಕಡೆಯದನ್ನು ದೊಡ್ಡವನಿಗೆ ಕೊಟ್ಟ, ಓಣಿಯ ಕಡೆಯದನ್ನೂ ಅದರ ಹಿತ್ತಲನ್ನೂ ಚಿಕ್ಕವನಿಗೆ, ಅಂದರೆ ನಮ್ಮ ಅಪ್ಪನಿಗೆ ಕೊಟ್ಟ. ನಡುವೆ ಗೋಡೆ ಎದ್ದಿತು. ಗೋಡೆಯ ಆ ಕಡೆ ದೊಡ್ಡಮ್ಮನ ನಡುಮನೆ, ಈ ಕಡೆ ನಮ್ಮ ಹಿತ್ತಲು. ಒಬ್ಬರ ಮನೆಗೆ ಒಬ್ಬರು ಹೋಗಬೇಕಾದರೆ ಬೀದಿಗೆ ಬಂದು, ಮೂಲೆ ತಿರುಗಿ, ಓಣಿಯಲ್ಲಿ ನಡೆದು ಬರಬೇಕು. ಆಗ ಇಬ್ಬರು ಸೊಸೆಯಂದಿರೂ ಹೊಸಬರು. ಓರಗಿತ್ತಿಯರು ಹತ್ತಿರವಿದ್ದಷ್ಟೂ ಮನಸ್ಸು ದೂರ ಎಂದು ನಂಬಿದ್ದ ತಾತ, ಸುಣ್ಣ ಆರುವ ಮೊದಲೇ ಇಬ್ಬರು ಮಕ್ಕಳನ್ನೂ ನಿಲ್ಲಿಸಿ ಮಾತು ತೆಗೆದುಕೊಂಡನಂತೆ.

“ಗೋಡೆಗೆ ಕಿವಿ ಇರೋದೇ ಸಾಕು. ಕಣ್ಣು ಬೇರೆ ಕೊಡಬೇಡಿ.”

ತಾತ ಹೋದ, ಮಾತು ಉಳಿಯಿತು. ಓರಗಿತ್ತಿಯರು ಜಗಳವಾಡಲೇ ಇಲ್ಲ. ಹಾಗಾಗಿ ತಾತನ ಮಾತು ಸರಿಯೆಂದು ಅಪ್ಪ ಹೇಳುತ್ತಿದ್ದ. ಜಗಳವಾಡುವವರಲ್ಲದ ಹೆಂಗಸರಿಗೆ ಗೋಡೆ ಏಕೆ ಬೇಕಿತ್ತು ಎಂದು ಅಮ್ಮ ಕೇಳುತ್ತಿದ್ದಳು. ಆಗ ಅಪ್ಪ ಪತ್ರಿಕೆ ಬಿಡಿಸುತ್ತಿದ್ದ.

ದೊಡ್ಡಮ್ಮನದು ರಫು ಕೆಲಸ. ಹರಿದ ಕೋಟು, ಸುಟ್ಟ ಶಾಲು, ಇಲಿ ಕಚ್ಚಿದ ಪ್ಯಾಂಟು ಏನನ್ನೇ ತಂದುಕೊಡಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ತೆಗೆದು, ತೂತಿನ ಮೇಲೆ ಒಂದು ಮೇಲೆ ಒಂದು ಕೆಳಗೆ ನೇಯ್ದಳೆಂದರೆ, ಕೊನೆಗೆ ತೂತು ಎಲ್ಲಿತ್ತು ಎಂದು ಬಟ್ಟೆಯ ಒಡೆಯನೇ ಹುಡುಕಬೇಕು. ಇದಕ್ಕೆ ಬೇಕಾದದ್ದು ಸಣ್ಣ ಸೂಜಿ ಮತ್ತು ದೊಡ್ಡ ಬೆಳಕು. ಮುಂದಿನ ಕೋಣೆಯಲ್ಲಿ ಕೂತರೆ ಹೊಟ್ಟು ಹಾರಿ ಉಣ್ಣೆಯ ಮೇಲೆ ಕೂರುತ್ತದೆ, ಅಡುಗೆಮನೆಯಲ್ಲಿ ಎಣ್ಣೆಯ ಪಸೆ. ಉಳಿದದ್ದು ನಡುಮನೆ. ಅಲ್ಲಿ ಹಗಲಿನಲ್ಲೂ ಟೇಬಲ್ ಲ್ಯಾಂಪ್ ಹಚ್ಚಿಕೊಂಡು, ಮೂಗು ಬಟ್ಟೆಗೆ ತಾಗುವಷ್ಟು ಬಗ್ಗಿ ಕೂರುತ್ತಿದ್ದಳು. ಸಂಜೆ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಕೊನೆಗೆ ಕಣ್ಣಿನ ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು: ಇನ್ನು ಮೇಲೆ ಹಗಲು ಬೆಳಕಿನಲ್ಲಿ ಕೆಲಸ ಮಾಡಿ, ಇಲ್ಲವಾದರೆ ಸೂಜಿ ಕೆಳಗಿಡಿ.

ಸೂಜಿ ಕೆಳಗಿಡುವುದೆಂದರೆ ದೊಡ್ಡಮ್ಮನಿಗೆ ಉಸಿರು ಕೆಳಗಿಟ್ಟ ಹಾಗೆ. ಆ ದಿನ ಅವಳು ಊಟ ಬಿಟ್ಟಳು. ನನಗೆ ಎರಡು ಮನೆಯ ಗಂಡಸರ ಮೇಲೂ ಸಿಟ್ಟು ಬಂತು. ಅತ್ತ ಒಬ್ಬನಿಗೆ ಕೈಯಲ್ಲಿ ಉಳಿ ಇದೆ, ಇತ್ತ ಒಬ್ಬನಿಗೆ ಹಿತ್ತಲ ತುಂಬ ಬಿಸಿಲಿದೆ, ನಡುವೆ ಇರುವುದು ಬರೀ ಒಂದು ಗೋಡೆ. ಆದರೆ ದೊಡ್ಡಪ್ಪ ತಮ್ಮನ ಎದುರು ಬಾಯಿಬಿಟ್ಟು ಕೇಳುವವನಲ್ಲ, ಅಪ್ಪ ಕೇಳದೆ ಕೊಡುವವನಲ್ಲ. ಒಬ್ಬ ಬೇವಾದರೆ ಇನ್ನೊಬ್ಬ ಹಾಗಲ.

ಇಲ್ಲಿ ನಮ್ಮ ಅಪ್ಪನ ವಿಷಯ ಸ್ವಲ್ಪ ಹೇಳಲೇಬೇಕು. ಅವನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಯಾವ ಮಾತು ಕಿವಿಗೆ ಬಿದ್ದರೂ ಅದರ ತಾತ ಮುತ್ತಾತಂದಿರನ್ನು ಎಬ್ಬಿಸಿ ಕೂರಿಸದೆ ಬಿಡುವವನಲ್ಲ. ಮೇಷ್ಟ್ರ ಮನೆಗೆ ಹೋಗಿ ಉಪ್ಪು ಕೇಳಿದರೆ ಮೊದಲು ಉಪ್ಪಿನ ಚರಿತ್ರೆ ಬರುತ್ತದೆ, ಅಷ್ಟರಲ್ಲಿ ಸಾರು ಕುದಿದು ಆರಿರುತ್ತದೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಾರೆ.

ಭಾನುವಾರ ಸಂಜೆ ನಮ್ಮ ಹಿತ್ತಲಲ್ಲಿ ಎರಡು ಮನೆಯವರೂ ಸೇರಿ ಚಹಾ ಕುಡಿಯುವುದು ವಾಡಿಕೆ. ಡಾಕ್ಟರು ಹೇಳಿದ ವಾರದ ಭಾನುವಾರ ದೊಡ್ಡಪ್ಪ ಬಂದವನೇ ಕಪ್ಪನ್ನು ಕೈಯಲ್ಲಿ ತಿರುಗಿಸುತ್ತ, ಗೋಡೆಯನ್ನು ನೋಡುತ್ತ, ಈ ಗೋಡೆಯಲ್ಲಿ ಒಂದು ವಿಂಡೋ ಇದ್ದಿದ್ದರೆ ಗೋಡೆಗೇ ಒಂದು ಕಳೆ ಬರುತ್ತಿತ್ತು ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದ. ಅಷ್ಟಕ್ಕೇ ಅವನ ಹಣೆಯಲ್ಲಿ ಬೆವರು. ನಾನೂ ಅಮ್ಮನೂ ಅಪ್ಪನ ಕಡೆ ತಿರುಗಿದೆವು. ಅಪ್ಪನ ಕಿವಿ ನಿಮಿರಿದ್ದು ಗೋಡೆ ಎಂಬ ಮಾತಿಗಲ್ಲ, ವಿಂಡೋ ಎಂಬ ಮಾತಿಗೆ.

ವಿಂಡೋ ಎಂಬುದು ಮೊದಲು ಇಂಗ್ಲಿಷರ ಮಾತೇ ಅಲ್ಲ ಎಂದು ಅಪ್ಪ ಶುರುಮಾಡಿದ. ಬಡಗಣ ಸಮುದ್ರದ ಆಚೆಯಿಂದ ಹಡಗು ಹತ್ತಿ ಬಂದವರು, ದೋಚುವುದಕ್ಕೆ ಬಂದು ನೆಲಸಿ ಉಳಿದವರು, ಅವರು ಬಿಟ್ಟುಹೋದ ಮಾತು. ಅವರ ಬಾಯಲ್ಲಿ ಅದು ವಿಂಡ್‌ಔಗ. ವಿಂಡ್ ಅಂದರೆ ಗಾಳಿ, ಔಗ ಅಂದರೆ ಕಣ್ಣು. ಗಾಳಿಯ ಕಣ್ಣು. ಆಗಿನ ಮನೆಗಳಲ್ಲಿ ಗಾಜಿರಲಿಲ್ಲ, ಒಂದು ಕಿಂಡಿ, ಅದರಲ್ಲಿ ಗಾಳಿ ಒಳಗೆ ಬರಬೇಕು, ಹೊಗೆ ಹೊರಗೆ ಹೋಗಬೇಕು. ಅದಕ್ಕೂ ಮೊದಲು ಇಂಗ್ಲಿಷರು ತಮ್ಮದೇ ಮಾತಿನಲ್ಲಿ ಅದನ್ನು ಕಣ್ಣಿನ ತೂತು ಎನ್ನುತ್ತಿದ್ದರು. ನಮ್ಮ ಗವಾಕ್ಷ ತಾನೇ ಏನು? ಗೋವಿನ ಕಣ್ಣು. ಬೆಳಕಿಂಡಿ ಎಂದರೆ ಬೆಳಕಿನ ಕಿಂಡಿ. ಎಲ್ಲಿಯ ಜನ, ಎಲ್ಲಿಯ ಮನೆ, ಗೋಡೆಯ ತೂತನ್ನು ನೋಡಿದ ಕೂಡಲೇ ಅಷ್ಟೂ ಮಂದಿಗೆ ಹೊಳೆದದ್ದು ಕಣ್ಣೇ, ಇಲ್ಲವೇ ಬೆಳಕೇ.

ನಿಜ ಹೇಳುತ್ತೇನೆ, ಅಪ್ಪ ಹೀಗೆ ಹೇಳುವಾಗ ಚೆನ್ನಾಗಿ ಹೇಳುತ್ತಾನೆ. ದೊಡ್ಡಪ್ಪನ ಬಾಯಿ ತೆರೆದುಕೊಂಡೇ ಇತ್ತು. ಇಷ್ಟು ವರ್ಷ ತಾನು ಅಳೆದದ್ದೆಲ್ಲ ಕಣ್ಣನ್ನೇ ಎಂದು ಅವನಿಗೆ ಖುಷಿಯಾಗಿಹೋಗಿತ್ತು, ಬಂದ ಕೆಲಸ ಮರೆತು ಇನ್ನೊಂದು ಕಪ್ ಚಹಾ ಕೇಳಿದ. ದೊಡ್ಡಮ್ಮ ಮಾತ್ರ ಮರೆಯಲಿಲ್ಲ. ಹಾಗಾದರೆ ಗಾಳಿಗೆ ಕಣ್ಣು ಕೊಡುವುದಕ್ಕೆ ಮೇಷ್ಟ್ರ ಅಭ್ಯಂತರ ಇದೆಯೇ ಎಂದು ನೇರವಾಗಿ ಕೇಳಿದಳು.

ಅಪ್ಪ ಸಿಕ್ಕಿಬಿದ್ದ. ತಾನೇ ಹೆಣೆದ ಬಲೆಯಲ್ಲಿ ತಾನೇ ಕಾಲಿಟ್ಟ. ಅತ್ತಿಗೆಯ ಕಣ್ಣಿನ ವಿಷಯ ಅವನಿಗೂ ಗೊತ್ತು, ಕನಿಕರವೂ ಇದೆ. ಆದರೆ ಒಪ್ಪಲಾರ. ತಾತನ ಮಾತು ಎಂದ, ಪದ್ಧತಿ ಎಂದ, ಗಂಟಲು ಸರಿಮಾಡಿಕೊಂಡ. ನಿಜವಾದ ಕಾರಣ ನಮಗೆ ಮನೆಯವರಿಗೆ ಮಾತ್ರ ಗೊತ್ತಿತ್ತು, ಹೇಳುವಂತಿರಲಿಲ್ಲ. ಹೊಟ್ಟೆ ಮುಂದೆ ಬಂದದ್ದಕ್ಕೆ ಡಾಕ್ಟರು ವ್ಯಾಯಾಮ ಹೇಳಿದ್ದರಿಂದ, ಅಪ್ಪ ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಬನಿಯನ್ನು, ಮಂಡಿಯವರೆಗಿನ ದೊಗಳೆ ಚಡ್ಡಿ ಹಾಕಿಕೊಂಡು ಹಗ್ಗದಾಟ ಆಡುತ್ತಿದ್ದ. ಹೆಣ್ಣುಮಕ್ಕಳು ಹಗ್ಗ ಬೀಸಿ ಜಿಗಿಯುತ್ತಾರಲ್ಲ, ಅದೇ. ಊರಿನ ಮುಂದೆ ಕೋಟು ಹಾಕಿ ನಡೆಯುವ ಮನುಷ್ಯ. ಇದನ್ನು ಅಣ್ಣ ಕಂಡರೆ ಬದುಕಿರುವ ತನಕ ಆಡಿಕೊಳ್ಳುತ್ತಾನೆ ಎಂಬ ಭಯ ಅವನಿಗೆ. ಭಯ ಸುಳ್ಳಲ್ಲ, ದೊಡ್ಡಪ್ಪ ಅಷ್ಟು ಸುಲಭಕ್ಕೆ ಬಿಡುವವನೂ ಅಲ್ಲ.

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ತೀರ್ಪು ಹೊರಬಂತು. ಗಾಳಿ ಬರಲಿ, ಬೆಳಕೂ ಬರಲಿ, ಮನುಷ್ಯರ ನೋಟ ಮಾತ್ರ ಬೇಡ. ಎತ್ತರದ ಆಳು ನಿಂತರೂ ಕಣ್ಣಿಗೆ ನಿಲುಕದಷ್ಟು ಮೇಲೆ ಕಿಟಕಿ ಇಡಬಹುದು. ಅದಕ್ಕೆ ವೆಂಟಿಲೇಟರ್ ಎನ್ನಬಹುದು, ಆ ಮಾತೂ ಗಾಳಿಯಿಂದಲೇ ಬಂದದ್ದು ಎಂದು ಅಪ್ಪ ಸಮಾಧಾನ ಹೇಳಿದ.

ಯಾರ ಕಣ್ಣಿಗೂ ನಿಲುಕದ ಕಿಟಕಿ ಮಾಡು ಎನ್ನುವುದು ದೊಡ್ಡಪ್ಪನಿಗೆ ಬೈಗುಳಕ್ಕಿಂತ ಹೆಚ್ಚು. ಆದರೂ ಹೆಂಡತಿಯ ಮುಖ ನೋಡಿ ನುಂಗಿಕೊಂಡ. ಒಂದು ವಾರದಲ್ಲಿ ಗೋಡೆ ಕೊರೆದು, ಸೂರಿನ ಹತ್ತಿರ ಚೌಕಟ್ಟು ಕೂರಿಸಿ, ಗಾಜಿನ ಕದ ಹಾಕಿದ. ಕೆಲಸ ಅಚ್ಚುಕಟ್ಟು. ದೊಡ್ಡಮ್ಮ ಕೆಳಗೆ ಕುರ್ಚಿ ಹಾಕಿಕೊಂಡು, ಲ್ಯಾಂಪ್ ಆರಿಸಿ, ತಲೆಯೆತ್ತಿ ಕಾದಳು. ಬೆಳಕು ಬಂತು. ಬಂದದ್ದು ಅವಳ ಮಡಿಲಿಗಲ್ಲ, ಎದುರು ಗೋಡೆಯ ಮೇಲ್ಭಾಗಕ್ಕೆ. ಅಲ್ಲಿ ಒಂದು ಕ್ಯಾಲೆಂಡರ್ ತೂಗುತ್ತಿತ್ತು. ಹೊತ್ತು ಏರಿದಂತೆ ಬೆಳಕು ಕ್ಯಾಲೆಂಡರಿನ ಮೇಲಿಂದ ಕೆಳಕ್ಕೆ ಜಾರಿತು, ಆದರೆ ಸೂಜಿಗೆ ಬರುವ ಮೊದಲೇ ಸೂರ್ಯ ಮುಂದೆ ಹೋಗಿಬಿಟ್ಟ.

ನಾನು ನೋಡಲು ಹೋದಾಗ ದೊಡ್ಡಮ್ಮ ಮತ್ತೆ ಲ್ಯಾಂಪ್ ಹಚ್ಚಿಕೊಂಡಿದ್ದಳು. ಕ್ಯಾಲೆಂಡರಿಗೆ ಇನ್ನು ಕನ್ನಡಕ ಬೇಕಾಗುವುದಿಲ್ಲ ಎಂದು ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ. ಬಟ್ಟೆ ತಂದವರಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಹೇಳಲು ಶುರುಮಾಡಿದ್ದಾಳೆ ಎಂದು ತಿಳಿದಾಗ ನಾನು ಮನೆಗೆ ಬಂದು ಅಪ್ಪನ ಜೊತೆ ಎರಡು ದಿನ ಮಾತು ಬಿಟ್ಟೆ. ಅವನು ಗಮನಿಸಲಿಲ್ಲ, ಅದು ಬೇರೆ ಮಾತು.

ಆದರೆ ನಮ್ಮ ದೊಡ್ಡಮ್ಮ ಕೈ ಕಟ್ಟಿ ಕೂರುವವಳಲ್ಲ. ಬೆಳಕು ತನ್ನ ಬಳಿಗೆ ಇಳಿಯದಿದ್ದರೆ ತಾನೇ ಅದರ ಬಳಿಗೆ ಹತ್ತುವುದೆಂದು ತೀರ್ಮಾನಿಸಿದಳು. ಗಂಡ ಊರಾಚೆ ಅಳತೆಗೆ ಹೋಗಿದ್ದ ದಿನ, ಕಾರ್ಖಾನೆಯಿಂದ ಎರಡು ಮರದ ಕುದುರೆಗಳನ್ನು, ಅಂದರೆ ಹಲಗೆ ಇಟ್ಟು ಕೊಯ್ಯುವ ಆ ನಾಲ್ಕು ಕಾಲಿನ ಸ್ಟ್ಯಾಂಡುಗಳನ್ನು, ಎಳೆದು ತಂದಳು. ಮೇಲೆ ದಪ್ಪ ಹಲಗೆ. ಹಲಗೆಯ ಮೇಲೆ ಒಂದು ಮೋಟು ಸ್ಟೂಲು. ಹತ್ತುವುದಕ್ಕೆ ಊಟದ ಮೇಜು. ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು. ಸೂಜಿಯ ಕಣ್ಣಿನೊಳಗೆ ಬಿಸಿಲು ಹೊಕ್ಕಿತಂತೆ, ದಾರ ತಾನಾಗಿಯೇ ಹೋಯಿತಂತೆ. ದೊಡ್ಡಪ್ಪ ಬಂದು ನೋಡಿ ತಲೆ ಮೇಲೆ ಕೈಹೊತ್ತ, ಬೈದ. ಅವಳು ಮೇಲಿದ್ದಳು, ಅವನು ಕೆಳಗಿದ್ದ, ಬೈಗುಳ ಮೇಲೆ ಹತ್ತಲಿಲ್ಲ.

ಅಲ್ಲಿಂದ ಅವಳಿಗೆ ಕಂಡದ್ದು ಸೂಜಿ ಮಾತ್ರವಲ್ಲ. ಸಾಧಾರಣ ಕಿಟಕಿಯಾಗಿದ್ದರೆ ಹಿತ್ತಲಿನ ಒಂದು ತುಂಡು ಕಾಣುತ್ತಿತ್ತು, ಅಷ್ಟು ಮೇಲಿನಿಂದ ಇಡೀ ಹಿತ್ತಲು, ಬಾವಿಕಟ್ಟೆ, ಅಡುಗೆಮನೆಯ ಒಲೆಯವರೆಗೆ ಎಲ್ಲವೂ ಕಂಡಿತು. ಅಪ್ಪ ನೋಟ ತಪ್ಪಿಸಲು ಹೋಗಿ ಕಾವಲು ಗೋಪುರವನ್ನೇ ಕಟ್ಟಿಸಿಕೊಂಡಿದ್ದ. ಮಾರನೆಯ ಬೆಳಿಗ್ಗೆ ಅವನು ಚಡ್ಡಿ ಹಾಕಿ, ಹಗ್ಗ ಬೀಸಿ, ಕುಣಿಯತೊಡಗಿದಾಗ ಆಕಾಶವಾಣಿಯಾಯಿತು.

“ಮೇಷ್ಟ್ರೇ, ಎಡಗಾಲು ಸ್ವಲ್ಪ ತಡವಾಗಿ ಏಳ್ತಾ ಇದೆ.”

ಅಪ್ಪ ಹಗ್ಗದಲ್ಲಿ ಸಿಕ್ಕಿಕೊಂಡು ಬಾಳೆಗಿಡವನ್ನು ಅಪ್ಪಿಕೊಂಡ. ಅಮ್ಮ ಬಾಯಿಗೆ ಸೆರಗು ತುರುಕಿ ಒಳಗೆ ಓಡಿದಳು. ಅಣ್ಣನಿಗೆ ಹೇಳಬೇಡಿ ಎಂದು ಅಪ್ಪ ಅಂಗಲಾಚಿದ, ದೊಡ್ಡಮ್ಮ ಸೂಜಿಯ ಮೇಲೆ ಆಣೆಯಿಟ್ಟು ಒಪ್ಪಿದಳು. ಅವಳು ಮಾತು ಉಳಿಸಿಕೊಂಡಳು, ಅದರಲ್ಲಿ ಅವಳು ಗಟ್ಟಿ. ಅಪ್ಪ ಮಾತ್ರ ಮರುದಿನದಿಂದ ಗೋಡೆಗೆ ಅಂಟಿಕೊಂಡು, ಕಿಟಕಿಯ ನೇರ ಕೆಳಗೆ, ಮೇಲಿನಿಂದ ಕಾಣದ ಮೂಲೆಯಲ್ಲಿ ಆಡತೊಡಗಿದ.

ಆ ಕೆಲವು ವಾರ ನಮ್ಮ ಹಿತ್ತಲಿಗೆ ಜೀವ ಬಂದಿತ್ತು. ಅಮ್ಮ ಬಟ್ಟೆ ಒಣಹಾಕುತ್ತ ಕೆಳಗಿನಿಂದ ಮಾತಾಡುವುದು, ದೊಡ್ಡಮ್ಮ ಮೇಲಿನಿಂದ ಉತ್ತರ ಕೊಡುವುದು. ಹಾಲು ಉಕ್ಕುತ್ತಿದೆ ಎಂದು ನಮಗಿಂತ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಕೆಲಸವೂ ಮತ್ತೆ ಬರತೊಡಗಿತು, ಕಣ್ಣಿನ ಕೆಂಪು ಇಳಿಯಿತು. ದೊಡ್ಡಪ್ಪ ಮಾತ್ರ ದಿನಾ ಆ ಹಲಗೆ ನೋಡಿ ಹೆದರುತ್ತಿದ್ದ. ನೀನು ಬಿದ್ದರೆ ನನ್ನ ಗತಿಯೇನು ಎಂದು ಒಮ್ಮೆ ಎಲ್ಲರೆದುರೇ ಹೇಳಿಬಿಟ್ಟು, ನಾಚಿಕೊಂಡು ಹೊರಟುಹೋದ.

ಅವನು ಹೆದರಿದ್ದು ನಡೆದೇಹೋಯಿತು. ಒಂದು ಬೆಳಿಗ್ಗೆ ಹಗ್ಗ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಿದೆ, ಆಡುವವನು ಕಾಣುತ್ತಿಲ್ಲ. ಮೇಷ್ಟ್ರು ಎಲ್ಲಿ ಅಡಗಿದ್ದಾರೆಂದು ನೋಡಲು ದೊಡ್ಡಮ್ಮ ಸ್ಟೂಲಿನಿಂದ ಎದ್ದು, ಕಿಟಕಿಯಿಂದ ತಲೆ ಹೊರಗೆ ಹಾಕಿದಳು. ಸಾಲಲಿಲ್ಲ, ಭುಜ ಹಾಕಿದಳು. ಅದೂ ಸಾಲದೆ ಮುಂಗಾಲಲ್ಲಿ ನಿಂತು ಬಗ್ಗಿದಳು. ಹಲಗೆ ಹಿಂದಕ್ಕೆ ಜಾರಿತು, ಕುದುರೆಗಳೆರಡೂ ಮಲಗಿದವು. ದೊಡ್ಡಮ್ಮ ಅರ್ಧ ಹೊರಗೆ, ಅರ್ಧ ಒಳಗೆ, ಹೊಟ್ಟೆಯ ಮೇಲೆ ಚೌಕಟ್ಟಿನಲ್ಲಿ ತೂಗಿದಳು. ಕೆಳಗೆ ಅಪ್ಪ ತಲೆಯೆತ್ತಿ ನೋಡಿದರೆ ನೇರ ಮೇಲೆ ಅತ್ತಿಗೆಯ ಮುಖ.

ಈ ಕಡೆಯಿಂದ ಹಿಡಿಯಲು ಎಟುಕುವುದಿಲ್ಲ. ಆ ಕಡೆಯಿಂದ ಕಾಲು ಹಿಡಿದು ಎಳೆಯಬೇಕು. ಅಪ್ಪ ಅಣ್ಣನನ್ನು ಕೂಗಿದ, ಉಜ್ಜುಗೊರಡು ಗುರುಗುಟ್ಟುತ್ತಿತ್ತು, ಉತ್ತರವಿಲ್ಲ. ಅಮ್ಮ ಹಾಸಿಗೆಯೊಂದನ್ನು ಎಳೆದು ತಂದು ಕಿಟಕಿಯ ಕೆಳಗೆ ಹಾಕಿ, ಎರಡು ಕೈಗಳನ್ನೂ ಮೇಲೆತ್ತಿ ನಿಂತಳು. ಅಪ್ಪ ಮತ್ತೇನನ್ನೂ ಯೋಚಿಸದೆ ಓಡಿದ. ಮನೆ ದಾಟಿ, ಓಣಿಗೆ ಬಿದ್ದು, ಮೂಲೆ ತಿರುಗಿ, ಶಾಲೆಗೆ ಹೋಗುವ ಮಕ್ಕಳು ತುಂಬಿದ ಬೀದಿಯಲ್ಲಿ, ಅದೇ ಬನಿಯನ್ನು, ಅದೇ ಚಡ್ಡಿ, ಕೈಯಲ್ಲಿ ಹಗ್ಗ. ಮಕ್ಕಳು ಸಾಲಾಗಿ ನಿಂತು ಗುಡ್ ಮಾರ್ನಿಂಗ್ ಸಾರ್ ಎಂದರು. ಕ್ಷೌರದಂಗಡಿಯವನು ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. ಅಪ್ಪ ಗುಡ್ ಮಾರ್ನಿಂಗ್ ಎನ್ನುತ್ತಲೇ ಓಡಿದ.

ದೊಡ್ಡಪ್ಪ ಯಂತ್ರ ನಿಲ್ಲಿಸಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಹಗ್ಗ ನೋಡಿ, ಯಾರ ಹಸು ತಪ್ಪಿಸಿಕೊಂಡಿತು ಎಂದು ಕೇಳಿದ. ಅಪ್ಪನಿಗೆ ಉಸಿರಿರಲಿಲ್ಲ, ಒಳಗೆ ಕೈ ತೋರಿಸಿದ. ಇಬ್ಬರೂ ನಡುಮನೆಗೆ ನುಗ್ಗಿ, ಮೇಜಿನ ಮೇಲೆ ಹತ್ತಿ, ಆಳಿಗೊಂದು ಕಾಲು ಹಿಡಿದರು. ಗಾಜು ಜೋಪಾನ ಎಂದು ಹೊರಗಿನಿಂದ ದೊಡ್ಡಮ್ಮನ ದನಿ ಕೇಳಿತು. ನಾನು ಅಪ್ಪನ ಹಿಂದೆಯೇ ಓಡಿ ಬಂದವಳು, ಆ ಕ್ಷಣ ನನಗೆ ನಗು ಬರಲಿಲ್ಲ, ಮೇಜನ್ನು ಅಲುಗದಂತೆ ಹಿಡಿದು ನಿಂತೆ. ಇಳಿಸಿ ನೆಲದ ಮೇಲೆ ಕೂರಿಸಿದ ಮೇಲೆ ಅವಳ ಕೈಕಾಲು ಮುಟ್ಟಿ ನೋಡಿದೆವು, ಒಂದು ಬಳೆ ಒಡೆದದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಆಮೇಲೆ ಅವಳು ಮೈದುನನ ಚಡ್ಡಿಯನ್ನು ಹತ್ತಿರದಿಂದ ಕಂಡಳು. ಅವಳೇ ಮೊದಲು ನಕ್ಕದ್ದು. ಮತ್ತೆ ಯಾರಿಂದಲೂ ತಡೆಯಲಾಗಲಿಲ್ಲ.

ನಗು ನಿಂತ ಮೇಲೆ ಅಪ್ಪ ಗೋಡೆಗೆ ಒರಗಿ ಕೂತು, ಹಗ್ಗವನ್ನು ಸುತ್ತುತ್ತ ಹೇಳಿದ.

“ಅಣ್ಣ, ಇದನ್ನ ಕೆಳಗಿಳಿಸು. ಅವರು ಕೂತಲ್ಲಿಗೆ ಬೆಳಕು ಬರಲಿ.”

ತಾತನಿಗೆ ಕೊಟ್ಟ ಮಾತು ಏನಾಗಬೇಕು ಎಂದು ದೊಡ್ಡಪ್ಪ ಕೇಳಿದ. ಊರಿಗೂರೇ ನೋಡಿದ ಮೇಲೆ ಇನ್ನು ಗೋಡೆ ಏನನ್ನು ಮುಚ್ಚಬೇಕು ಎಂದು ಅಪ್ಪ ಅಂದ. ಒಂದು ಮಾತಿನ ಮೂಲವನ್ನೂ ಹೇಳದೆ ಅವನು ಇಷ್ಟು ಹೊತ್ತು ಕೂತದ್ದನ್ನು ನಾನು ಅವತ್ತೇ ಕಂಡದ್ದು. ದೊಡ್ಡಪ್ಪ ತಮ್ಮನನ್ನು ಆಡಿಕೊಳ್ಳಲಿಲ್ಲ. ಒಳಗೆ ಹೋಗಿ ತನ್ನ ಅಂಗಿಯೊಂದನ್ನು ತಂದು ಅವನ ಹೆಗಲಿಗೆ ಹೊದಿಸಿದ.

ಆ ಮಧ್ಯಾಹ್ನವೇ ಅಳತೆ. ದೊಡ್ಡಮ್ಮ ತನ್ನ ಹಳೆಯ ಜಾಗದಲ್ಲಿ ಕೂತಳು, ನಾವೆಲ್ಲ ಸುತ್ತ ನಿಂತೆವು. ದೊಡ್ಡಪ್ಪ ಅವಳ ಕಣ್ಣಿನ ಮಟ್ಟಕ್ಕೆ ಪಟ್ಟಿ ಹಿಡಿದು ಗೋಡೆಯ ಮೇಲೆ ಗೆರೆ ಎಳೆದ. ಇನ್ನೂ ಕೆಳಗೆ ಎಂದಳು. ಮಡಿಲಿನ ಮಟ್ಟಕ್ಕೆ ಎಳೆದ. ಇನ್ನೂ ಕೆಳಗೆ ಎಂದಳು. ಸೂಜಿಗೆ ಇಷ್ಟು ಬೆಳಕು ಧಾರಾಳವಾಯಿತು, ಇದಕ್ಕಿಂತ ಕೆಳಗೆ ಬಂದರೆ ಬರೀ ಪಾದಕ್ಕೆ ಬಿಸಿಲು ಎಂದು ಅವನು ವಾದಿಸಿದ. ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

“ಸೂಜಿಗೆ ಸಾಕು ರೀ. ನನಗೆ ಸಾಲಲ್ಲ. ಮದುವೆಯಾಗಿ ಬಂದಾಗಿನಿಂದ ಈ ಗೋಡೆ ಪಕ್ಕ ಕೂತಿದ್ದೀನಿ. ಆ ಕಡೆ ನಗ್ತಾರೆ, ಮಗು ಅಳುತ್ತೆ, ಮೇಷ್ಟ್ರು ಹಗ್ಗ ಬಡೀತಾರೆ, ನನಗೆ ಎಲ್ಲಾ ಕೇಳುತ್ತೆ, ಮುಖ ಕಾಣಲ್ಲ. ಅವರು ನಕ್ಕಾಗ ಇಲ್ಲಿ ನಾನೊಬ್ಬಳೇ ನಕ್ಕಿದ್ದೀನಿ.”

ಅವಳು ಹೇಳಿದ ಆ ಮಗು ನಾನು. ನಾನು ಅತ್ತದ್ದನ್ನು ಗೋಡೆಯಾಚೆ ಒಬ್ಬಳು ಕೇಳುತ್ತ ಕೂತಿದ್ದಳೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಮುಖ ತಿರುಗಿಸಿಕೊಂಡಳು. ದೊಡ್ಡಪ್ಪ ಪಟ್ಟಿಯನ್ನು ಕೆಳಗಿಟ್ಟ. ಊರವರನ್ನೆಲ್ಲ ಕೂರಿಸಿ ಕೇಳಿದವನು ಈ ಮನೆಯಲ್ಲಿ ಕೂತವಳನ್ನು ಕೇಳಿರಲಿಲ್ಲ, ಅದು ಅವನ ಮುಖದಲ್ಲಿ ಕಾಣುತ್ತಿತ್ತು. ಪೆನ್ಸಿಲನ್ನು ಹೆಂಡತಿಯ ಕಡೆ ಚಾಚಿದ.

“ನೀನೇ ಎಳಿ.”

ದೊಡ್ಡಮ್ಮ ಎದ್ದಳು. ಗೋಡೆಯ ಹತ್ತಿರ ಹೋಗಿ, ತನ್ನ ತಲೆಗಿಂತ ಒಂದು ಗೇಣು ಮೇಲಿನಿಂದ ಶುರುಮಾಡಿ, ಪೆನ್ಸಿಲನ್ನು ನಿಧಾನವಾಗಿ ಕೆಳಗೆ ತಂದಳು. ಅವನು ಎಳೆದ ಮೊದಲ ಗೆರೆ ದಾಟಿದಳು, ಎರಡನೆಯದನ್ನು ದಾಟಿದಳು, ಮಂಡಿಯೂರಿ ಕೂತಳು. ಪೆನ್ಸಿಲು ನೆಲಕ್ಕೆ ಮುಟ್ಟಿದ ಮೇಲೆಯೇ ನಿಲ್ಲಿಸಿದ್ದು.

ಅಪ್ಪ ಮೆಲ್ಲಗೆ, ಅತ್ತಿಗೆ, ಇದು ವಿಂಡೋ ಅಲ್ಲ, ಬಾಗಿಲಾಗುತ್ತದೆ ಎಂದ.

“ಆಗಲಿ,” ಎಂದಳು ದೊಡ್ಡಮ್ಮ. ಬಾಗಿಲಿನ ಇನ್ನೊಂದು ಬದಿಯ ಗೆರೆಯನ್ನು ಎಳೆಯಲು ಅಮ್ಮನ ಕೈಗೆ ಪೆನ್ಸಿಲು ಕೊಟ್ಟಳು.